ಶೆಡ್ಡಿನಲ್ಲಿ ವರ್ಷಗಟ್ಟಲೆ ಕೂತ ದೋಣಿ ಎಂಜಿನ್ ಕೊಳ್ಳುವ ಮುಂಚೆ

ಸಂಪಾದಕರೇ, ನಮಸ್ಕಾರ.

ಮೇ ತಿಂಗಳು ಬಂತೆಂದರೆ ಗಂಗೊಳ್ಳಿ, ಮರವಂತೆ, ಉಪ್ಪುಂದ ಕಡೆ ದೋಣಿಯ ಹಿಂಬದಿ ಹಲಗೆಗೆ ಸಿಕ್ಕಿಸುವ ಹಳೆ ಔಟ್‌ಬೋರ್ಡ್ ಎಂಜಿನ್‌ಗಳ ವ್ಯಾಪಾರ ಜೋರಾಗುತ್ತದೆ. ಕಾರಣ ಕರಾವಳಿಯವರಿಗೆ ಗೊತ್ತೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 10 ಎಚ್‌ಪಿ ಒಳಗಿನ ಎಂಜಿನ್ ಹಾಕಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ 8 ಎಚ್‌ಪಿ, 9.9 ಎಚ್‌ಪಿಯ ಯಾವ ಎಂಜಿನ್ ಎಲ್ಲಿ ಮೂಲೆಯಲ್ಲಿ ಕೂತಿದ್ದರೂ ಆ ಹೊತ್ತಿಗೆ ಅದಕ್ಕೊಂದು ಬೆಲೆ ಬರುತ್ತದೆ. ಅಪ್ಪ ಕಡಲಿಗೆ ಹೋಗುವುದು ಬಿಟ್ಟ ಮೇಲೆ ಮಗ ಟಾರ್ಪಾಲು ಮುಚ್ಚಿ ಇಟ್ಟದ್ದು, ಪಾಲಾದಾಗ ಯಾರಿಗೂ ಬೇಡವಾಗಿ ಕೊಟ್ಟಿಗೆ ಸೇರಿದ್ದು, ಎಲ್ಲವೂ ಹೊರಗೆ ಬರುತ್ತವೆ. ಹೊಸ ಎಂಜಿನ್ ರೇಟು ಕೇಳಿದವರಿಗೆ ಹಳೆಯದರ ಮೇಲೆ ಕಣ್ಣು ಹೋಗುವುದು ಸಹಜ ಅಲ್ವಾ.

ನಾನು ಮೀನುಗಾರ ಅಲ್ಲ. ಪಂಪ್‌ಸೆಟ್ ರಿಪೇರಿ ಮಾಡುವವ. ಹಿಂದೆ ಗದ್ದೆಗೆ ನೀರು ಹಾಯಿಸಲು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಪಂಪುಗಳಿದ್ದವಲ್ಲ, ಅವುಗಳ ಜತೆ ಬೆಳೆದವ. ಸೀಮೆಎಣ್ಣೆಯ ದೋಣಿ ಎಂಜಿನ್ ಬುದ್ಧಿಯೂ ಅದೇ ಆದ್ದರಿಂದ ಜನ ಅವನ್ನೂ ತಂದು ನನ್ನ ಅಂಗಡಿ ಮುಂದೆ ಇಳಿಸುತ್ತಾರೆ. ಕೊಂಡ ಮೇಲೆ ತರುತ್ತಾರೆ, ಅದೇ ಬೇಜಾರು. ಕೊಳ್ಳುವ ಮುಂಚೆ ಕೇಳಿದ್ದರೆ ಎಷ್ಟೋ ಜನರ ದುಡ್ಡು ಉಳಿಯುತ್ತಿತ್ತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆದೀತು, ಕತ್ತರಿಸುವುದಿದ್ದರೆ ದಯವಿಟ್ಟು ನಡುವಿನ ವಿಷಯ ಕತ್ತರಿಸಬೇಡಿ, ಈ ಪೀಠಿಕೆ ತೆಗೆದರೂ ಅಡ್ಡಿಯಿಲ್ಲ.

ಮಾರುವವರ ಬಾಯಲ್ಲಿ ಬರುವ ಮೊದಲ ಮಾತು ಯಾವಾಗಲೂ ಒಂದೇ. "ಓಡಿದ್ದೇ ಕಮ್ಮಿ ಮಾರಾಯ್ರೆ, ಇಟ್ಟದ್ದು ಅಷ್ಟೆ." ಕೊಳ್ಳುವವನಿಗೆ ಇದು ಒಳ್ಳೆ ಸುದ್ದಿ ಅನಿಸುತ್ತದೆ. ನನಗೆ ಹಾಗೆ ಅನಿಸುವುದಿಲ್ಲ. ದಿನಾ ಓಡುವ ಎಂಜಿನ್ ಎಲ್ಲಿ ಸವೆದಿದೆ ಅಂತ ಹೇಳಬಹುದು. ಕೂತ ಎಂಜಿನ್ ಒಳಗೆ ಏನಾಗಿದೆ ಅಂತ ಬಿಚ್ಚದೆ ಹೇಳಲು ಬರುವುದಿಲ್ಲ. ಅದರಲ್ಲೂ ಈ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕಿನ ಬೇರಿಂಗಿಗೆ ಬೇರೆ ಎಣ್ಣೆಯ ಟ್ಯಾಂಕ್ ಇಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಬೇರಿಂಗನ್ನೂ ಕಾಯಬೇಕು, ಸಿಲಿಂಡರನ್ನೂ ಕಾಯಬೇಕು. ಎಂಜಿನ್ ನಿಂತ ಮೇಲೆ ಆ ಪಸೆ ನಿಧಾನಕ್ಕೆ ಇಳಿದು ಹೋಗುತ್ತದೆ. ಉಪ್ಪುಗಾಳಿ ಒಳಗೆ ಬರುತ್ತದೆ. ನಮ್ಮ ಮಳೆಗಾಲದ ತೇವ ಅಂದರೆ ಕೇಳಬೇಕೇ. ಪಿಸ್ಟನ್ ರಿಂಗು ಸಿಲಿಂಡರಿಗೆ ತುಕ್ಕು ಹಿಡಿದು ಅಂಟುತ್ತದೆ.

ಇಂಥ ಎಂಜಿನ್ ಕಂಡ ಕೂಡಲೇ ಎಲ್ಲರೂ ಮಾಡುವ ಕೆಲಸ ಸ್ಟಾರ್ಟರ್ ಹಗ್ಗ ಎಳೆಯುವುದು. ಅದನ್ನೇ ಮಾಡಬಾರದು. ಅಂಟಿದ ರಿಂಗು ಜೋರಾಗಿ ಎಳೆದರೆ ಮುರಿಯುತ್ತದೆ, ಮುರಿದ ಚೂರು ಸಿಲಿಂಡರ್ ಗೀರುತ್ತದೆ, ಐದು ನಿಮಿಷದ ಆತುರಕ್ಕೆ ಸಿಲಿಂಡರನ್ನು ಮತ್ತೆ ಕೊರೆಸುವ ರಿಬೋರ್ ಖರ್ಚು. ಇನ್ನು ಕೆಲವು ಮಾರುವವರು ಧೈರ್ಯ ತೋರಿಸಲು ಎಂಜಿನನ್ನು ಒಂದು ಹಲಗೆಗೆ ಕಟ್ಟಿ, ನೀರೇ ಇಲ್ಲದೆ ಸ್ಟಾರ್ಟ್ ಮಾಡಿ "ನೋಡಿ, ಒಂದೇ ಎಳೆತಕ್ಕೆ ಬಂತು" ಅನ್ನುತ್ತಾರೆ. ಅವರ ಕೈ ಹಿಡಿದು ನಿಲ್ಲಿಸಿ. ಈ ಎಂಜಿನ್ ತಣ್ಣಗಾಗುವುದು ಕೆಳಗಿನ ಪಂಪ್ ಎಳೆಯುವ ನೀರಿನಿಂದ. ಪಂಪಿನ ಒಳಗೆ ಇಂಪೆಲ್ಲರ್ ಅಂತ ಒಂದು ರಬ್ಬರ್ ಚಕ್ರ ಇದೆ, ಅದಕ್ಕೆ ನೀರೇ ಜಾರು. ನೀರಿಲ್ಲದೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಅದರ ರೆಕ್ಕೆಗಳು ಸುಟ್ಟು ಹರಿಯುತ್ತವೆ. ನಿಮ್ಮ ಮುಂದೆ ಒಂದೇ ಎಳೆತಕ್ಕೆ ಬಂದ ಎಂಜಿನ್ ನಾಳೆ ಹೊಳೆಯಲ್ಲಿ ಬಿಸಿಯೇರಿ ನಿಂತರೆ ಅದಕ್ಕೆ ಈ ಪ್ರದರ್ಶನವೇ ಕಾರಣ ಆಗಿರಬಹುದು.

ಹಾಗಾದರೆ ನೋಡುವುದು ಹೇಗೆ? ಮೇಲಿನ ಮುಚ್ಚಳ ತೆಗೆಯಿರಿ. ಇಲಿ ಗೂಡು ಇದೆಯಾ, ವಯರು ಕಡಿದಿದೆಯಾ ನೋಡಿ. ಇದು ತಮಾಷೆ ಅಲ್ಲ, ಕೊಟ್ಟಿಗೆಯಲ್ಲಿಟ್ಟ ಎಂಜಿನ್‌ಗಳಲ್ಲಿ ನಾನು ತೆಂಗಿನ ನಾರು, ಭತ್ತದ ಹೊಟ್ಟು ಎಲ್ಲ ತೆಗೆದಿದ್ದೇನೆ. ಕೆಳಗೆ ನೀರು ಎಳೆಯುವ ಕಿಂಡಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರುತ್ತದೆ. ನೀರು ಹೊರಗೆ ಚಿಮ್ಮುವ ಸಣ್ಣ ತೂತಿನಲ್ಲೂ ಕಟ್ಟಿರುತ್ತದೆ. ಹೊಸ ಬಣ್ಣ ಹೊಡೆದಿದ್ದರೆ ಜಾಸ್ತಿ ಅನುಮಾನ ಪಡಿ. ಬೋಲ್ಟಿನ ತಲೆ ಸವೆದು ದುಂಡಗಾಗಿದ್ದರೆ ಯಾರೋ ಬಿಚ್ಚಲು ಹೋಗಿ ಬಿಟ್ಟಿದ್ದಾರೆ ಅಂತ ಅರ್ಥ. ಸಿಲಿಂಡರ್ ಹೆಡ್ಡಿನ ಸಂದಿಯಲ್ಲಿ ಬಿಳಿ ಉಪ್ಪಿನ ಪುಡಿ ಕೂತಿದ್ದರೆ ಗ್ಯಾಸ್ಕೆಟ್ಟಿನಿಂದ ನೀರು ಜಿನುಗಿದೆ.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ಗೇರು ನ್ಯೂಟ್ರಲ್‌ನಲ್ಲಿ ಇರಲಿ. ಎಂಜಿನ್ ತಲೆ ಮೇಲಿನ ದೊಡ್ಡ ಚಕ್ರ, ಅಂದರೆ ಫ್ಲೈವೀಲನ್ನು ಕೈಯಲ್ಲಿ ನಿಧಾನಕ್ಕೆ, ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿ. ತಿರುಗಿದರೆ ಅರ್ಧ ಗೆದ್ದ ಹಾಗೆ. ತಿರುಗದಿದ್ದರೆ ಬಲ ಹಾಕಬೇಡಿ, ಸುತ್ತಿಗೆಯಂತೂ ಬೇಡವೇ ಬೇಡ. ಪ್ಲಗ್ ತೂತಿನಲ್ಲಿ ಡೀಸೆಲ್ಲೂ ಎಂಜಿನ್ ಆಯಿಲ್ಲೂ ಬೆರೆಸಿ ಸ್ವಲ್ಪ ಬಿಟ್ಟು ಕೆಲವು ದಿನ ಹಾಗೇ ಬಿಡಿ, ದಿನಕ್ಕೊಮ್ಮೆ ಹಿಂದೆ ಮುಂದೆ ಅಲ್ಲಾಡಿಸಿ ನೋಡಿ. ಬಿಡುವುದಿದ್ದರೆ ಬಿಡುತ್ತದೆ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅದು ಜಾಮ್ ಆದ ಎಂಜಿನ್, ಗುಜರಿ ರೇಟು ಹೇಳಿ. ಕೊಂಡವರು ನಷ್ಟ ಆದ ಮೇಲೆ ಸಿಟ್ಟು ಮಾಡುವುದಕ್ಕಿಂತ ಮುಂಚೆಯೇ ಮುಖ ಗಟ್ಟಿ ಮಾಡುವುದು ಒಳ್ಳೆಯದು.

ತಿರುಗುವ ಎಂಜಿನ್ ಆದರೆ ಕಂಪ್ರೆಷನ್, ಅಂದರೆ ಸಿಲಿಂಡರಿನ ಒಳಗೆ ಗಾಳಿ ಎಷ್ಟು ಒತ್ತುತ್ತದೆ ಅಂತ ನೋಡಬೇಕು. ಗೇಜು ಊರಿನ ಯಾವುದಾದರೂ ಬೈಕ್ ಮೆಕ್ಯಾನಿಕ್ ಹತ್ತಿರ ಇರುತ್ತದೆ. ಪೆಟ್ರೋಲಿನ ಸಣ್ಣ ಎಂಜಿನ್‌ಗೆ 100 ಪಿಎಸ್‌ಐ ಆಸುಪಾಸು ಇದ್ದರೆ ನೆಮ್ಮದಿ. ಸೀಮೆಎಣ್ಣೆಗೆಂದೇ ಮಾಡಿದ ಎಂಜಿನ್‌ನಲ್ಲಿ ಕಂಪ್ರೆಷನ್ನೇ ಕಮ್ಮಿ ಇಟ್ಟಿರುತ್ತಾರೆ, ಅದಕ್ಕೆ ಕಮ್ಮಿ ತೋರಿಸಿದರೆ ಹೆದರಬೇಡಿ. ನೋಡಬೇಕಾದ್ದು ಎರಡೂ ಸಿಲಿಂಡರಿನ ಲೆಕ್ಕ ಹತ್ತಿರ ಹತ್ತಿರ ಇದೆಯಾ ಅಂತ. ಒಂದಕ್ಕೂ ಇನ್ನೊಂದಕ್ಕೂ ನೂರಕ್ಕೆ 10-15 ಪಾಲಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಒಂದರಲ್ಲಿ ರಿಂಗೋ ಗ್ಯಾಸ್ಕೆಟ್ಟೋ ಹೋಗಿದೆ.

ಇನ್ನೊಂದು ಪರೀಕ್ಷೆ ಯಾರೂ ಮಾಡುವುದಿಲ್ಲ, ಒಂದು ಸ್ಕ್ರೂಡ್ರೈವರ್ ಸಾಕು. ನೀರು ತಳ್ಳುವ ಫ್ಯಾನಿನ (ಪ್ರೊಪೆಲ್ಲರಿನ) ಹತ್ತಿರ ಗೇರ್ ಪೆಟ್ಟಿಗೆಯ ಕೆಳಗೆ ಒಂದು ಸ್ಕ್ರೂ ಇದೆ. ಅದನ್ನು ಸ್ವಲ್ಪ ಸಡಿಲ ಮಾಡಿ. ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ನೀರು ಇದ್ದರೆ ಅದು ಎಣ್ಣೆಯ ಅಡಿಯಲ್ಲಿ ಕೂತಿರುತ್ತದೆ, ಮೊದಲು ಹನಿಯುವುದು ನೀರೇ. ಬೆಳ್ಳಗೆ ಕಲೆತ ಎಣ್ಣೆ ಬಂದರೂ ಅದೇ ಕಥೆ, ಸೀಲು ಹೋಗಿದೆ. ಸೀಲು ಯಾಕೆ ಹೋಗುತ್ತದೆ ಅಂದರೆ ಬಹಳ ಸಲ ಗಾಳದ ನೈಲಾನ್ ದಾರವೋ ಬಲೆಯ ಚೂರೋ ಫ್ಯಾನಿನ ಹಿಂದೆ ಸುತ್ತಿಕೊಂಡು ಶಾಫ್ಟಿನ ಜತೆ ತಿರುಗಿ ತಿರುಗಿ ರಬ್ಬರನ್ನು ಕೊಯ್ದಿರುತ್ತದೆ. ಫ್ಯಾನ್ ಬಿಚ್ಚಿದಾಗ ಆ ದಾರ ಉಂಡೆಯಾಗಿ ಅಲ್ಲೇ ಸಿಗುತ್ತದೆ. ಸೀಲು ದೊಡ್ಡ ಖರ್ಚಲ್ಲ. ಆದರೆ ಆ ನೀರಿನಲ್ಲಿ ವರ್ಷಗಟ್ಟಲೆ ಕೂತ ಗೇರು, ಬೇರಿಂಗು ಖರ್ಚೇ. ಎಣ್ಣೆಯಲ್ಲಿ ಕಬ್ಬಿಣದ ಚೂರು ಬಂದರೆ ಆ ಎಂಜಿನ್ ಬಿಟ್ಟು ನಡೆಯಿರಿ.

ಶಾಫ್ಟಿನ ಉದ್ದ ಅಳೆಯುವುದು ಮರೆಯಬೇಡಿ. ಸಾಮಾನ್ಯವಾಗಿ 15 ಇಂಚು, 20 ಇಂಚು ಅಂತ ಎರಡು ಬಗೆ. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ದೋಣಿಯ ಹಿಂಬದಿ ಹಲಗೆಯ ಎತ್ತರಕ್ಕೆ ಹೊಂದದಿದ್ದರೆ ಫ್ಯಾನ್ ಒಂದೋ ಗಾಳಿ ಕಡೆಯುತ್ತದೆ, ಇಲ್ಲ ಕೆಸರು ಕಡೆಯುತ್ತದೆ. ಮತ್ತೆ ಎಂಜಿನ್ ನಂಬರಿನ ತಗಡು. ಅದನ್ನು ಕೆರೆದಿದ್ದರೆ, ಕಿತ್ತಿದ್ದರೆ, ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ. ದಡದಲ್ಲಿ ಕಟ್ಟಿದ ದೋಣಿಯಿಂದ ಎಂಜಿನ್ ಕಳವು ಆಗುವುದು ಹೊಸ ಸಂಗತಿ ಏನಲ್ಲ. ನಾಳೆ ಸೀಮೆಎಣ್ಣೆ ರಹದಾರಿಗೋ ದೋಣಿಯ ಕಾಗದಕ್ಕೋ ಎಂಜಿನ್ ತೋರಿಸಬೇಕಾಗಿ ಬಂದಾಗ ಯಾರ ಹತ್ತಿರ ಹೋಗುತ್ತೀರಿ? ಹಳೆ ಬಿಲ್ಲು ಇಲ್ಲದಿದ್ದರೆ ಕೊನೆಪಕ್ಷ ಮಾರುವವರ ಸಹಿ ಇರುವ ಒಂದು ಚೀಟಿ ಬರೆಸಿಕೊಳ್ಳಿ.

ಈಗ ಎಂಜಿನ್ ಮನೆಗೆ ಬಂತು ಅಂತ ಇಟ್ಟುಕೊಳ್ಳಿ. ಮೊದಲ ಕೆಲಸ ಕಾರ್ಬೊರೇಟರ್. ಕೂತ ಎಂಜಿನ್ ಸ್ಟಾರ್ಟ್ ಆಗದಿರಲು ಮುಖ್ಯ ಕಾರಣ ಇಲ್ಲೇ ಇರುತ್ತದೆ. ಕೆಳಗಿನ ಬಟ್ಟಲು ಬಿಚ್ಚಿದರೆ ಒಂದು ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಪೆಟ್ರೋಲು ಆವಿಯಾಗಿ ಹೋಗಿ ಅದರ ಕಂದು ಅಂಟು ಮಾತ್ರ ಉಳಿದು, ಹಲಸಿನ ಮೇಣದ ಹಾಗೆ ಫ್ಲೋಟನ್ನು ತಳಕ್ಕೆ ಹಿಡಿದುಕೊಂಡಿರುತ್ತದೆ. ಪೆಟ್ರೋಲ್ ಹೋಗುವ ಹಿತ್ತಾಳೆ ಜೆಟ್ಟಿನ ತೂತು ಕೂದಲೆಳೆಯಷ್ಟು, ಅದು ಪೂರ್ತಿ ಮುಚ್ಚಿರುತ್ತದೆ. ಕೆಲವರು ಅದಕ್ಕೆ ಗುಂಡುಸೂಜಿ ಚುಚ್ಚುತ್ತಾರೆ. ಹಿತ್ತಾಳೆ ಮೆದು, ಉಕ್ಕಿನ ಸೂಜಿ ತೂತನ್ನು ದೊಡ್ಡದು ಮಾಡುತ್ತದೆ, ಆಮೇಲೆ ಎಂಜಿನ್ ಯಾವತ್ತೂ ಸರಿಯಾಗಿ ಓಡುವುದಿಲ್ಲ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಸಿಗುತ್ತದೆ, ಅದರಲ್ಲಿ ನೆನೆಸಿಟ್ಟು, ವಯರಿನ ಒಳಗಿನ ತಾಮ್ರದ ಒಂದು ಎಳೆಯಿಂದ ಹಗುರಕ್ಕೆ ತೂರಿಸಿ, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ. ತೂತಿನ ಆಚೆ ಬೆಳಕಿನ ಚುಕ್ಕೆ ದುಂಡಗೆ ಕಾಣಬೇಕು. ದುಂಡಗೆ ಕಾಣುವ ತನಕ ಜೋಡಿಸಬೇಡಿ.

ಸೀಮೆಎಣ್ಣೆಯ ಎಂಜಿನ್ ಆದರೆ ಇನ್ನೊಂದು ರಗಳೆ. ಇದನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಂದು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಬೇಕು. ದಡ ಸೇರಿದ ಖುಷಿಯಲ್ಲಿ ಯಾರು ಇದನ್ನು ಮಾಡುತ್ತಾರೆ ಹೇಳಿ. ಕೊನೆಯ ದಿನ ಸೀಮೆಎಣ್ಣೆಯಲ್ಲೇ ನಿಲ್ಲಿಸಿ ಟಾರ್ಪಾಲು ಮುಚ್ಚಿದ ಎಂಜಿನ್ ಅಂದರೆ ಕಾರ್ಬೊರೇಟರಿನಲ್ಲಿ, ಕ್ರ್ಯಾಂಕ್ ಪೆಟ್ಟಿಗೆಯಲ್ಲಿ, ಎಲ್ಲ ಕಡೆ ಸೀಮೆಎಣ್ಣೆ. ಅದು ಪೆಟ್ರೋಲಿನಷ್ಟು ಬೇಗ ಆವಿಯಾಗುವುದಿಲ್ಲ. ಬೇರಿಂಗಿನ ಮೇಲಿದ್ದ ಆಯಿಲನ್ನು ತೆಳುವಾಗಿಸುತ್ತದೆ. ಪಿಸ್ಟನ್ ತಲೆ ಮೇಲೆ, ಸೈಲೆನ್ಸರ್ ದಾರಿಯಲ್ಲಿ ಮಸಿಯೂ ಜಾಸ್ತಿ. ಹೆಡ್ಡು ಬಿಚ್ಚಿದ್ದೇ ಆದರೆ ಆ ಮಸಿಯನ್ನು ಮರದ ಚಕ್ಕೆಯಿಂದ ಕೆರೆದು ತೆಗೆಯಿರಿ, ಉಳಿ ಹಾಕಬೇಡಿ, ಪಿಸ್ಟನ್ ಅಲ್ಯೂಮಿನಿಯಂ.

ಇಂಪೆಲ್ಲರ್ ಬಗ್ಗೆ ನನ್ನದು ಹಠ. ನೋಡಲು ಎಷ್ಟೇ ಚೆನ್ನಾಗಿರಲಿ, ಹಳೆ ಎಂಜಿನ್ ಕೊಂಡರೆ ಹೊಸದು ಹಾಕಲೇಬೇಕು. ಅದರ ರೆಕ್ಕೆಗಳು ಪಂಪಿನ ಗೋಡೆಗೆ ಒತ್ತಿ ಬಾಗಿ ಕೂತಿರುತ್ತವೆ. ವರ್ಷಗಟ್ಟಲೆ ಹಾಗೇ ಬಾಗಿದ ರಬ್ಬರ್ ಮತ್ತೆ ನೆಟ್ಟಗಾಗುವುದಿಲ್ಲ, ಗಟ್ಟಿಯಾಗಿ ಬಿರುಕು ಬಿಡುತ್ತದೆ. ಕೆಳಗಿನ ಗೇರ್ ಪೆಟ್ಟಿಗೆಯನ್ನು ಇಡೀ ಕಳಚಿದರೆ ಅದರ ತಲೆ ಮೇಲೆ ಪಂಪ್ ಸಿಗುತ್ತದೆ. ಕಳಚುವುದೇ ಕಷ್ಟ. ಅಲ್ಯೂಮಿನಿಯಂ ಮೈಗೆ ಸ್ಟೀಲ್ ಬೋಲ್ಟು, ನಡುವೆ ಉಪ್ಪುನೀರು. ಒಂದಕ್ಕೊಂದು ಕಚ್ಚಿಕೊಂಡುಬಿಟ್ಟಿರುತ್ತವೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ, ಬಿಸಿ ಮಾಡಿ, ಮತ್ತೆ ಎಣ್ಣೆ ಹೊಡೆಯಿರಿ. ಬಿಸಿ ಮಾಡುವಾಗ ಪೆಟ್ರೋಲ್ ಟ್ಯಾಂಕ್, ಪೈಪು ಎಲ್ಲ ದೂರ ಇರಲಿ. ಸ್ಪ್ಯಾನರಿಗೆ ಉದ್ದ ಪೈಪ್ ಸಿಕ್ಕಿಸಿ ಜಗ್ಗಿದರೆ ಬೋಲ್ಟಿನ ತಲೆ ಕೈಗೆ ಬರುತ್ತದೆ, ಉಳಿದದ್ದು ಒಳಗೇ. ಕಳಚುವ ಮುಂಚೆ ಗೇರಿನ ಸರಳಿನ ಕೊಂಡಿ ಬಿಡಿಸುವುದು ಮರೆಯಬೇಡಿ. ಹೊಸ ಇಂಪೆಲ್ಲರ್ ಕೂರಿಸುವಾಗ ಶಾಫ್ಟನ್ನು ಅದು ಓಡುವ ದಿಕ್ಕಿಗೇ ತಿರುಗಿಸುತ್ತ ಮುಚ್ಚಳ ಒತ್ತಿದರೆ ರೆಕ್ಕೆಗಳು ಸರಿಯಾದ ಕಡೆಗೆ ಬಾಗುತ್ತವೆ. ಬೋಲ್ಟುಗಳಿಗೆ ಗ್ರೀಸ್ ಹಚ್ಚಿ ಹಾಕಿ, ಮುಂದೆ ಬಿಚ್ಚುವವನು ನಿಮಗೆ ಶಾಪ ಹಾಕದಿರಲಿ.

ಕರೆಂಟಿನ ವಿಷಯ ಬೇಗ ಮುಗಿಸುತ್ತೇನೆ. ಹೊಸ ಪ್ಲಗ್ ಹಾಕಿ, ಮೈಗೆ ತಾಗಿಸಿ ಕಿಡಿ ನೋಡಿ. ಪ್ಲಗ್ ತೂತಿನ ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು. ಕಿಡಿ ಇಲ್ಲ ಅಂತ ಕಾಯಿಲು, ಸಿಡಿಐ ಅಂತೆಲ್ಲ ಕಿಡಿ ಕೊಡುವ ಭಾಗಗಳನ್ನು ತರಿಸುವ ಮುಂಚೆ ಆ ಕೆಂಪು ಹಗ್ಗದ ಕ್ಲಿಪ್ ಇದೆಯಾ ನೋಡಿ. ಓಡಿಸುವವ ನೀರಿಗೆ ಬಿದ್ದರೆ ಎಂಜಿನ್ ನಿಲ್ಲಲಿ ಅಂತ ಸೊಂಟಕ್ಕೋ ಕೈಗೋ ಕಟ್ಟಿಕೊಳ್ಳುವ ಹಗ್ಗ ಅದು. ಅದು ಇರುವ ಮಾದರಿಯಲ್ಲಿ ಕ್ಲಿಪ್ ಇಲ್ಲದಿದ್ದರೆ ಕಿಡಿಯೇ ಬರುವುದಿಲ್ಲ. ಹಳೆ ಎಂಜಿನ್ ಜತೆ ಆ ಕ್ಲಿಪ್ ಬಂದದ್ದನ್ನು ನಾನು ಕಂಡದ್ದೇ ಕಮ್ಮಿ.

ಮೊದಲ ಸಲ ಓಡಿಸುವುದು ಡ್ರಮ್ಮಿನಲ್ಲಿ, ಸಿಹಿನೀರಿನಲ್ಲಿ, ಬಯಲಲ್ಲಿ. ಶೆಡ್ಡಿನ ಒಳಗೆ ಬೇಡ, ಆ ಹೊಗೆ ಅಪಾಯ. ನೀರು ಪಂಪಿನ ಮಟ್ಟಕ್ಕಿಂತ ಮೇಲಿರಲಿ. ಆಯಿಲ್ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಅಂತ ಬರೆದಿರಬೇಕು, ನೀರಿನಿಂದ ತಣಿಯುವ ಟೂ ಸ್ಟ್ರೋಕ್ ಎಂಜಿನ್‌ಗೆ ಅದೇ ಸರಿ. ಬೈಕಿನ ಟೂಟಿ ಆಯಿಲ್ ಬಿಸಿ ಜಾಸ್ತಿ ಇರುವ ಎಂಜಿನ್‌ಗೆ ಮಾಡಿದ್ದು. ಎಷ್ಟು ಬೆರೆಸಬೇಕು ಅನ್ನುವುದು ಮಾದರಿ ಮೇಲೆ ಹೋಗುತ್ತದೆ. ಪೆಟ್ರೋಲಿನವಕ್ಕೆ 50 ಲೀಟರಿಗೆ 1 ಲೀಟರ್ ಅನ್ನುವುದು ಸಾಮಾನ್ಯ ಲೆಕ್ಕ, ಸೀಮೆಎಣ್ಣೆಯವಕ್ಕೆ ಜಾಸ್ತಿ ಬೇಕು. ಕೂತ ಎಂಜಿನ್‌ಗೆ ಮೊದಲ ಟ್ಯಾಂಕಿನಲ್ಲಿ ಯಾವುದಕ್ಕೂ ಸ್ವಲ್ಪ ಜಾಸ್ತಿಯೇ ಹಾಕಿ, ಹೊಗೆ ಬಂದರೆ ಬರಲಿ. ಸ್ಟಾರ್ಟ್ ಆದ ಕೂಡಲೇ ಎಕ್ಸಲೇಟರ್ ತಿರುಚಬೇಡಿ. ಹಿಂದೆ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿದೆಯಾ ನೋಡಿ. ಚಿಮ್ಮದಿದ್ದರೆ ನಿಲ್ಲಿಸಿ. ಹೆಡ್ಡಿನ ಮೇಲೆ ಕೈ ಇಟ್ಟರೆ ಇಟ್ಟುಕೊಳ್ಳಲು ಆಗಬೇಕು. ಆಮೇಲೆ ಹೊಳೆಗೆ ಹೋಗಿ. ಕಡಲಿಗೆ ಈಗಲೇ ಬೇಡ. ಹುಟ್ಟು ಜತೆಗಿರಲಿ.

ಇಷ್ಟೆಲ್ಲ ಯಾಕೆ ಹೇಳುತ್ತೇನೆ ಅಂದರೆ ನಮ್ಮ ಕಡೆ ದೋಣಿ ಹೊರಗೆ ಹೋಗುವುದು ಅಳಿವೆ ದಾಟಿ. ಮಳೆಗಾಲದಲ್ಲಿ ಹೊಳೆಯ ನೆರೆಯೂ ಕಡಲ ತೆರೆಯೂ ಮುಖಾಮುಖಿಯಾಗುವ ಜಾಗ ಅದು. ಅಲ್ಲಿ ಎರಡು ತೆರೆಗಳ ನಡುವೆ ಎಂಜಿನ್ ಗಪ್ಪಂತ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಗೆ ಮುಂದಿನ ತೆರೆ ಏನು ಮಾಡುತ್ತದೆ ಅಂತ ಕೋಡಿಯಿಂದ ಕಾಸರಕೋಡಿನವರೆಗೆ ಯಾವ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ. ಕಾರ್ಬೊರೇಟರಿನ ಒಂದು ಚೂರು ಕಸಕ್ಕೆ ಅಷ್ಟು ಶಕ್ತಿ ಇದೆ.

ಇನ್ನು ಪೆಟ್ರೋಲಿನ ವಿಷಯ. ಇದಕ್ಕೆ ಸರ್ಕಾರ ಉತ್ತರ ಹೇಳಬೇಕು ಅನ್ನುವುದು ನನ್ನ ಬೇಡಿಕೆ. ಸಬ್ಸಿಡಿ ಸೀಮೆಎಣ್ಣೆ ಸರಿಯಾಗಿ ಸಿಗುವುದಿಲ್ಲ ಅನ್ನುವ ದೂರು ಪ್ರತಿ ವರ್ಷ ನಿಮ್ಮ ಪತ್ರಿಕೆಯಲ್ಲೇ ಓದುತ್ತೇವೆ. ಸೀಮೆಎಣ್ಣೆ ಬಿಡಿ, ಪೆಟ್ರೋಲಿಗೆ ಬನ್ನಿ ಅಂತ ಮೀನುಗಾರರಿಗೆ ಹೇಳುತ್ತಿದ್ದಾರೆ. ಬರೋಣ. ಆದರೆ ಯಾವ ಪೆಟ್ರೋಲಿಗೆ? 2014ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಎಥನಾಲ್ (ಕಬ್ಬು, ಧಾನ್ಯದಿಂದ ತೆಗೆಯುವ ಮದ್ಯಸಾರ) ನೂರಕ್ಕೆ ಸುಮಾರು 1.5 ಪಾಲು ಇತ್ತು. 2022ಕ್ಕೆ 10 ಆಯಿತು, 2025ಕ್ಕೆ 20 ಆಯಿತು. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನೀರು ಒಂದು ಮಟ್ಟ ಮೀರಿದರೆ ಎಥನಾಲೂ ನೀರೂ ಒಟ್ಟಿಗೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತವೆ. ಎಂಜಿನ್ ಎಳೆಯುವುದು ತಳದಿಂದಲೇ ಅಲ್ವಾ? ನಾವು ಬೆರೆಸಿದ ಆಯಿಲ್ ಮಾತ್ರ ಮೇಲೆ ಪೆಟ್ರೋಲಿನ ಜತೆ ಉಳಿಯುತ್ತದೆ. ಟೂ ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಇಲ್ಲದ ನೀರು ಹೋದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಳೆ ಕಾಲದ ರಬ್ಬರ್ ಪೈಪು, ಕೈಯಲ್ಲಿ ಒತ್ತುವ ಆ ಬಲ್ಬು, ಪಂಪಿನ ಡಯಾಫ್ರಾಮ್ ಇವು ಎಥನಾಲಿಗೆಂದು ಮಾಡಿದ್ದಲ್ಲ. ಮೆತ್ತಗಾಗುತ್ತವೆ, ಒಳಗಿನಿಂದ ಸುಲಿಯುತ್ತವೆ, ಆ ಸಿಪ್ಪೆ ಹೋಗಿ ಜೆಟ್ಟಿನಲ್ಲಿ ಕೂರುತ್ತದೆ.

ದೊಡ್ಡ ಔಟ್‌ಬೋರ್ಡ್ ಕಂಪನಿಗಳ ಕೈಪಿಡಿ ತೆಗೆದು ನೋಡಿ. ಎಥನಾಲ್ ನೂರಕ್ಕೆ 10ಕ್ಕಿಂತ ಜಾಸ್ತಿ ಇರುವ ಪೆಟ್ರೋಲ್ ಬೇಡ ಎಂದೇ ಇರುತ್ತದೆ. ಅಮೆರಿಕದಲ್ಲಿ 15 ಪಾಲಿನ ಪೆಟ್ರೋಲ್ ಮಾರುತ್ತಾರೆ, ಆದರೆ ದೋಣಿ ಎಂಜಿನ್‌ಗೆ ಅದನ್ನು ಹಾಕುವಂತಿಲ್ಲ ಎಂಬ ನಿಯಮವೂ ಇದೆ. ಇಲ್ಲಿ ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ನಾಡದೋಣಿಯವರು ಕ್ಯಾನ್ ಹಿಡಿದು ಹೋಗುವುದು ಕಾರಿನವರು ಹೋಗುವ ಬಂಕಿಗೇ. ಎಥನಾಲ್ ಬೇಕೋ ಬೇಡವೋ ಅನ್ನುವ ರಾಜಕೀಯ ನನಗೆ ಬೇಡ, ಕಬ್ಬು ಬೆಳೆಯುವವರಿಗೆ ಒಳ್ಳೆಯದಾದರೆ ಸಂತೋಷವೇ. ಮೀನುಗಾರಿಕೆ ಬಂದರುಗಳ ಹತ್ತಿರ ಒಂದೊಂದು ಕಡೆಯಾದರೂ ಕಡಿಮೆ ಎಥನಾಲಿನ ಪೆಟ್ರೋಲ್ ಸಿಗುವ ವ್ಯವಸ್ಥೆ ಮಾಡಿ ಅನ್ನುತ್ತೇನೆ ಅಷ್ಟೆ. ಅಲ್ಲಿಯವರೆಗೆ ಕೊಳ್ಳುವವರು ಹಳೆ ಎಂಜಿನ್ ಜತೆ ಬಂದ ಪೈಪು ಬಲ್ಬು ಬಿಸಾಡಿ ಹೊಸದು ಹಾಕಿ, ಬೇಕಾದಷ್ಟೇ ಪೆಟ್ರೋಲ್ ತನ್ನಿ, ತಿಂಗಳುಗಟ್ಟಲೆ ಕ್ಯಾನಿನಲ್ಲಿ ಇಡಬೇಡಿ.

ಇನ್ನೊಂದು ಮಾತು ಸೇರಿಸುತ್ತೇನೆ. ಇದು ಕರಾವಳಿಯ ಸಂಗತಿ ಮಾತ್ರ ಅಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆ ಊರಿಗೆ ಊರೇ ಮುಳುಗಿದಾಗ ಜನರನ್ನು ತಂದದ್ದು ಇದೇ ಔಟ್‌ಬೋರ್ಡ್ ಎಂಜಿನ್ ಹಾಕಿದ ದೋಣಿಗಳು. ಇಂಥ ರಕ್ಷಣಾ ದೋಣಿಗಳ ಎಂಜಿನ್ ವರ್ಷದ ಹೆಚ್ಚಿನ ದಿನ ಏನು ಮಾಡುತ್ತವೆ? ಗೋದಾಮಿನಲ್ಲಿ ಕೂರುತ್ತವೆ. ಕೂತ ಎಂಜಿನ್‌ನ ಎಲ್ಲ ಕಾಯಿಲೆಯೂ ಇವಕ್ಕೂ ಬರುತ್ತದೆ. ಎಲ್ಲಿ ಎಷ್ಟು ಎಂಜಿನ್ ಇವೆ ಅಂತ ಪಟ್ಟಿ ಇದ್ದೇ ಇರುತ್ತದೆ. ಆ ಪಟ್ಟಿಯ ಪಕ್ಕದಲ್ಲಿ ಕೊನೆಯ ಸಲ ಡ್ರಮ್ಮಿನಲ್ಲಿ ಓಡಿಸಿದ್ದು ಯಾವಾಗ, ಇಂಪೆಲ್ಲರ್ ಬದಲಿಸಿದ್ದು ಯಾವಾಗ ಅಂತ ಎರಡು ಕಾಲಂ ಹಾಕಿದರೆ ಸಾಕು. ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸಲು ಒಬ್ಬ ಮನುಷ್ಯ, ಒಂದು ಡ್ರಮ್ ನೀರು.

ಇಡುವ ಕ್ರಮವನ್ನೂ ಹೇಳಿಬಿಡುತ್ತೇನೆ, ಮುಂದಿನ ವರ್ಷ ಮಾರುವವರಿಗೆ ಉಪಯೋಗಕ್ಕೆ ಬಂದೀತು. ಸೀಸನ್ ಮುಗಿದ ದಿನ ಡ್ರಮ್ಮಿನ ಸಿಹಿನೀರಿನಲ್ಲಿ ಓಡಿಸಿ ಉಪ್ಪು ತೊಳೆಯಿರಿ. ಓಡುತ್ತಿರುವಾಗಲೇ ಪೆಟ್ರೋಲ್ ಪೈಪು ಕಳಚಿ, ತನ್ನಿಂತಾನೆ ನಿಲ್ಲುವ ತನಕ ಬಿಡಿ, ಕಾರ್ಬೊರೇಟರ್ ಹೆಚ್ಚುಕಮ್ಮಿ ಖಾಲಿಯಾಗುತ್ತದೆ. ಪ್ಲಗ್ ತೂತಿಗೆ ಒಂದೊಂದು ಚಮಚ ಟೂ ಸ್ಟ್ರೋಕ್ ಆಯಿಲ್ ಹಾಕಿ ಹಗ್ಗವನ್ನು ಮೆಲ್ಲಗೆ ಕೆಲವು ಸಲ ಎಳೆಯಿರಿ. ಗೇರ್ ಆಯಿಲ್ ಬದಲಿಸುವುದು ಇಡುವ ಮುಂಚೆ, ಮುಂದಿನ ವರ್ಷ ತೆಗೆದ ಮೇಲೆ ಅಲ್ಲ. ಹಾಕುವಾಗ ಕೆಳಗಿನ ತೂತಿನಿಂದ ಒತ್ತಿ ಮೇಲಿನ ತೂತಿನಲ್ಲಿ ಬರುವ ತನಕ ತುಂಬಿಸಿ, ಮೇಲಿನಿಂದ ಸುರಿದರೆ ಗಾಳಿ ಉಳಿಯುತ್ತದೆ. ಎಂಜಿನನ್ನು ನೆಟ್ಟಗೆ ನಿಲ್ಲಿಸಿ ಇಡಿ. ಮಲಗಿಸಿದರೆ ಸೈಲೆನ್ಸರ್ ದಾರಿಯಲ್ಲಿ ಉಳಿದ ನೀರು ಸಿಲಿಂಡರಿಗೆ ನಡೆದು ಹೋಗುತ್ತದೆ. ಟಾರ್ಪಾಲು ಬಿಗಿಯಾಗಿ ಸುತ್ತಬೇಡಿ, ಗಾಳಿ ಆಡಲಿ. ಕಿಂಡಿಗಳಿಗೆ ಬಟ್ಟೆ ತುರುಕಿದರೆ ಕುಂಬಾರ ಹುಳುವಿನ ಕಾಟ ಇಲ್ಲ, ಆದರೆ ತೆಗೆಯುವಾಗ ನೆನಪಿರಲಿ ಅಂತ ಹೊರಗೊಂದು ಕೆಂಪು ದಾರ ಕಟ್ಟಿ.

ನಮ್ಮ ಕಡೆ 1980ರ ದಶಕದಿಂದ ನಾಡದೋಣಿಗೆ ಎಂಜಿನ್ ಇದೆ. ಅಷ್ಟು ವರ್ಷ ಆದರೂ ಇದನ್ನು ಕಲಿಸುವ ಜಾಗ ಹುಡುಕಬೇಕು. ಒಬ್ಬರ ಕೈ ನೋಡಿ ಇನ್ನೊಬ್ಬರು ಕಲಿತದ್ದೇ. ಕರಾವಳಿಯ ಐಟಿಐಗಳಲ್ಲಿ ಬೈಕು, ಕಾರು, ಡೀಸೆಲ್ ಎಂಜಿನ್ ಕಲಿಸುವ ಮೇಷ್ಟ್ರುಗಳಿದ್ದಾರೆ, ಅವರಿಗೆ ಇದು ದೊಡ್ಡ ವಿದ್ಯೆಯೇ ಅಲ್ಲ. ಮೀನುಗಾರಿಕೆ ಇಲಾಖೆ ಮೇ ತಿಂಗಳಲ್ಲಿ ದಡದಲ್ಲೇ ಎಂಜಿನ್ ತಪಾಸಣೆಯ ಶಿಬಿರ ಇಟ್ಟು, ಒಂದು ಕಂಪ್ರೆಷನ್ ಗೇಜು, ನಾಲ್ಕು ಡ್ರಮ್ ನೀರು, ಇಬ್ಬರು ಮೆಕ್ಯಾನಿಕ್‌ಗಳನ್ನು ಕೂರಿಸಿದರೆ ಮಾಟುಬಲೆ ಹಾಕುವ ಮೀನುಗಾರ ತಂಡಗಳವರೇ ಸಾಲಾಗಿ ಎಂಜಿನ್ ಹೊತ್ತು ಬರುತ್ತಾರೆ. ಕರೆದರೆ ನಾನೂ ಬರುತ್ತೇನೆ, ಊಟ ಹಾಕಿದರೆ ಸಾಕು.

ಕೊನೆಗೆ ಒಂದು ಸ್ವಂತ ವಿಷಯ, ಪ್ರಕಟಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ಅಂಗಡಿಯಲ್ಲಿ ಈಗ ಒಂದು ಹಳೆ ಎರಡು ಸಿಲಿಂಡರಿನ 8 ಎಚ್‌ಪಿ ಜಪಾನಿ ಎಂಜಿನ್ ಇದೆ. ಎಲ್ಲ ಸರಿಯಾಗಿದೆ, ಸ್ಟಾರ್ಟರ್ ಹಗ್ಗವನ್ನು ಒಳಗೆ ಎಳೆದುಕೊಳ್ಳುವ ಸುರುಳಿ ಸ್ಪ್ರಿಂಗ್ ಮಾತ್ರ ತುಂಡಾಗಿದೆ, ಮಂಗಳೂರಿನಲ್ಲೂ ಸಿಗಲಿಲ್ಲ. ಸದ್ಯ ಫ್ಲೈವೀಲಿಗೆ ಹಗ್ಗ ಸುತ್ತಿ ಎಳೆದು ಸ್ಟಾರ್ಟ್ ಮಾಡುತ್ತಿದ್ದೇವೆ. ಕುಂದಾಪುರದಿಂದ ಭಟ್ಕಳದ ನಡುವೆ ಯಾರ ಶೆಡ್ಡಿನಲ್ಲಾದರೂ ಅಂಥ ಗುಜರಿ ಎಂಜಿನ್ ಬಿದ್ದಿದ್ದರೆ ನಿಮ್ಮ ಈ ಅಂಕಣಕ್ಕೇ ಒಂದು ಸಾಲು ಬರೆಯಲಿ. ಸ್ಪ್ರಿಂಗ್ ಒಂದೇ ಸಾಕು, ಇಡೀ ಎಂಜಿನ್ ಕೊಟ್ಟರೆ ತೂಕದ ಮೇಲೆ ತೆಗೆದುಕೊಳ್ಳುತ್ತೇನೆ.

— ಒಬ್ಬ ಓದುಗ, ಕುಂದಾಪುರ ತಾಲೂಕು